ತಗಡಿನ ಮೇಲೆ ಹರವಿದ ಕಬ್ಬಿನ ಸಿಪ್ಪೆ

ಮನೆ ತಂಪು ಮಾಡುವುದು ದೊಡ್ಡ ವಿದ್ಯೆಯೇನಲ್ಲ. ಮೇಲೆ ಏನಾದರೂ ಹರವಬೇಕು, ನೀರು ಹೊಡೆಯಬೇಕು, ಕೆಳಗೆ ಕೂಡಬೇಕು. ಆ ಬೇಸಿಗೆಯಲ್ಲಿ ನಾನು ಹಾಗೆ ತಿಳಿದಿದ್ದೆ.

ಮೂಡಲಗಿಯಲ್ಲಿ ಆಗ ನಮ್ಮದು ತಗಡಿನ ಮನೆ. ಏಪ್ರಿಲ್ ಬಂತೆಂದರೆ ಮಧ್ಯಾಹ್ನ ರೊಟ್ಟಿ ಬೇಯಿಸಲು ಒಲೆ ಹೊತ್ತಿಸಬೇಕಾಗಿರಲಿಲ್ಲ. ಅಂಥ ಮನೆಗೆ ಮಗಳು ಸುವರ್ಣಾ ಚೊಚ್ಚಲ ಹೆರಿಗೆಗೆ ಬಂದಿದ್ದಳು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು, ಅದು ನಮ್ಮ ಪದ್ಧತಿ. ಆದರೆ ಅವಳ ಅತ್ತೆ, ಹತ್ತರಗಿಯ ನಮ್ಮ ಬೀಗತಿ, ಕಳಿಸುವಾಗಲೇ ಒಂದು ಮಾತು ಸೇರಿಸಿ ಕಳಿಸಿದ್ದಳು. ತಮ್ಮದು ಸ್ಲ್ಯಾಬಿನ ಮನೆಯಂತೆ. ಸೊಸೆಗೆ ಸೆಕೆ ತಡೆಯದಿದ್ದರೆ ತಾನೇ ಬಂದು ತಿರುಗಿ ಕರೆದುಕೊಂಡು ಹೋಗುತ್ತಾಳಂತೆ.

ನನಗೆ ಆಗಲೇ ಸಂಶಯ ಬಂತು. ಸೊಸೆಯ ಸೆಕೆ ಬರೀ ನೆವ. ನಮ್ಮ ತಗಡನ್ನು ನಾಲ್ಕು ಮಂದಿಗೆ ತೋರಿಸುವುದೇ ಅವಳ ಹಂಚಿಕೆ. ಬಸುರಿ ಮಗಳು ತವರಿನಿಂದ ಹೆರದೆ ವಾಪಸು ಹೋದರೆ ಓಣಿಯಲ್ಲಿ ನಾನು ಮುಖ ಎಲ್ಲಿ ಇಟ್ಟುಕೊಳ್ಳಲಿ?

ಬಾಜೂ ಮನೆಯ ನಿಂಗವ್ವ ಒಂದು ಉಪಾಯ ಹೇಳಿದಳು. ಅವರ ಹೊಲದಲ್ಲಿ ಕಬ್ಬು ಕಡಿದ ಮೇಲೆ ಉಳಿದ ರವದಿ, ಅಂದರೆ ಒಣ ಗರಿ, ಬೇಕಾದಷ್ಟು ಬಿದ್ದಿದೆ, ಆರಿಸಿಕೊಂಡು ಬಂದು ತಗಡಿನ ಮೇಲೆ ಹರವಬೇಕು. ಊರಲ್ಲಿ ಎಲ್ಲರೂ ಮಾಡುವುದು ಅದನ್ನೇ. ಆದರೆ ನಿಂಗವ್ವ ಹುಟ್ಟಿದಾಗಿನಿಂದ ಪುಕ್ಕಟೆ ಏನನ್ನೂ ಕೊಟ್ಟವಳಲ್ಲ. ನನ್ನ ಕೈಯಿಂದ ಹೊಲ ಸ್ವಚ್ಛ ಮಾಡಿಸಿಕೊಳ್ಳಲು ನೋಡುತ್ತಿದ್ದಾಳೆ ಎಂದು ತಿಳಿದು, ಬೇಡವೆಂದೆ.

ನೆಟ್ಟಗೆ ಬೆಲ್ಲದ ಗಾಣಕ್ಕೆ ಹೋದೆ. ಅಲ್ಲಿ ಕಬ್ಬಿನ ಹಾಲು ಹಿಂಡಿ ಒಗೆದ ಸಿಪ್ಪೆ ಗುಡ್ಡದ ಹಾಗೆ ಬಿದ್ದಿರುತ್ತದೆ. ಒಣಗಿಸಿ ಅದನ್ನೇ ಬೆಲ್ಲ ಕಾಯಿಸುವ ಒಲೆಗೆ ಹಾಕುತ್ತಾರೆ. ಒಂದು ಬಂಡಿ ಒಯ್ಯುತ್ತೇನೆ ಎಂದೆ. ಗಾಣದವನು ಇಲ್ಲವೆನ್ನಲಿಲ್ಲ.

"ಆಯೀ, ಇದು ಹಸೀದೈತ್ರಿ. ನಾಕ ದಿನ ಇಲ್ಲೇ ಬಿಸಲಾಗ ಒಣಗ್ಲಿ, ಆಮ್ಯಾಲ ಒಯ್ರಿ" ಎಂದ.

ನಾಲ್ಕು ದಿನ ಇವನ ಅಂಗಳದಲ್ಲಿ ಬಿಟ್ಟರೆ ಅರ್ಧ ಸಿಪ್ಪೆ ಇವನ ಒಲೆ ಸೇರುತ್ತದೆ. ಅಷ್ಟೂ ತಿಳಿಯದವಳೇ ನಾನು? ನಿಂತ ಕಾಲಮೇಲೆ ಬಂಡಿ ತುಂಬಿಸಿದೆ. ನಮ್ಮ ಯಜಮಾನರು ಏಣಿ ಹತ್ತಿ ಹರವಿದರು. ಬೆಳಿಗ್ಗೆ, ಸಂಜೆ ನಾನು ಕೊಡ ತುಂಬಿ ಕೊಡುವುದು, ಅವರು ಮೇಲೆ ಸುರಿಯುವುದು.

ಮನೆ ಖರೇನೇ ತಣ್ಣಗಾಯಿತು. ಸುವರ್ಣಾ ಮಧ್ಯಾಹ್ನ ನಿದ್ದೆ ಮಾಡಿದಳು. ನಾನು ನಿಂಗವ್ವನನ್ನು ಕರೆತಂದು ಒಳಗೆ ಕೂಡಿಸಿ, ತಂಪಾಗಿದೆ ಎಂದು ಅವಳ ಬಾಯಿಂದಲೇ ಹೇಳಿಸಿ ಕಳಿಸಿದೆ.

ಆಮೇಲೆ ಇರುವೆ ಬಂದವು. ಇರುವೆಯ ಹಿಂದೆ ನೊಣ ಬಂದವು. ನೊಣದ ಹಿಂದೆ ಒಂದು ವಾಸನೆ ಬಂತು. ಸಾರಾಯಿಯ ವಾಸನೆ!

ನಮ್ಮ ಯಜಮಾನರು ಒಂದು ಕಾಲಕ್ಕೆ ಕುಡಿಯುತ್ತಿದ್ದವರು. ಪಂಢರಪುರಕ್ಕೆ ಹೋಗಿ ತುಳಸಿ ಮಾಲೆ ಹಾಕಿಸಿಕೊಂಡು ಬಂದ ಮೇಲೆ ಬಿಟ್ಟಿದ್ದರು. ಬಿಟ್ಟಿದ್ದೇನೆ ಎಂದು ಅವರು ಹೇಳುತ್ತಿದ್ದರು. ನಾನು ವಿಧಿವತ್ತಾಗಿ ತಪಾಸಣೆ ಕೈಗೊಂಡೆ. ಹಾಸಿಗೆ ಝಾಡಿಸಿದೆ. ಜೋಳದ ಚೀಲದಲ್ಲಿ ಮೊಣಕೈವರೆಗೆ ಕೈ ಹಾಕಿದೆ. ಟ್ರಂಕು ಬುಡಮೇಲು ಮಾಡಿದೆ. ಏನೂ ಸಿಗಲಿಲ್ಲ. ಏನೂ ಸಿಗದ್ದರಿಂದ ಸಂಶಯ ಗಟ್ಟಿಯಾಯಿತು. ಇಷ್ಟು ಚೆನ್ನಾಗಿ ಮುಚ್ಚಿಡುವವರು ಎಷ್ಟು ಕುಡಿದಿರಬೇಕು! ಆ ಸಿಟ್ಟಿಗೆ ತಗಡಿನ ಮೇಲೆ ಅವರ ಕೈಯಿಂದ ಇನ್ನೂ ನಾಲ್ಕು ಕೊಡ ನೀರು ಹೊಯ್ಯಿಸಿದೆ. ವಾಸನೆ ದುಪ್ಪಟ್ಟಾಯಿತು.

ಮರುದಿನ ಪಡಸಾಲೆಯಲ್ಲಿ ಅವರ ಗದ್ದ ಹಿಡಿದೆ.

"ಬಾಯಿ ತಗೀರಿ."

"ಹುಚ್ಚ ಹಿಡದೈತೇನ ನಿನಗ? ಕೊಳ್ಳಾಗ ಮಾಲಿ ಐತಿ."

"ಮಾಲಿ ಕೊಳ್ಳಾಗೈತಿ. ನಾ ಬಾಯಿ ಕೇಳಾಕತ್ತೇನಿ."

ಬಾಯಿ ತೆಗೆದರು. ನಾನು ಮೂಗು ಹತ್ತಿರ ಒಯ್ದೆ. ಎಲೆ ಅಡಿಕೆ ಬಿಟ್ಟು ಏನೂ ಇಲ್ಲ. ತಿರುಗಿ ನೋಡಿದರೆ ಹೊಸ್ತಿಲ ಮೇಲೆ ಬೀಗತಿ! ಸೊಸೆಯನ್ನು ನೋಡಲು ಬಂದವಳು ಸೆರಗಿನಿಂದ ಮೂಗು ಮುಚ್ಚಿಕೊಂಡು ನಿಂತಿದ್ದಳು. ಅವಳ ಬೆನ್ನ ಹಿಂದೆಯೇ ನಮ್ಮ ಓಣಿಯ ಕುಡುಕ ಬಸ್ಯಾ, ಖಾಲಿ ಬಾಟಲಿ ಹಿಡಿದು, ಬಲು ಮರ್ಯಾದೆಯಿಂದ ಕೇಳಿದ:

"ಕಾಕೂ, ಎಲ್ಲಾರಿಗೂ ಕೊಡಾಕತ್ತೀರೋ, ಗುರ್ತಿನವರಿಗಷ್ಟೋ?"

ಕಸಬರಿಗೆ ತೋರಿಸಿ ಅವನನ್ನು ಓಡಿಸಿದೆ. ಅಷ್ಟರಲ್ಲಿ ಯಜಮಾನರು ಏಣಿ ಹತ್ತಿದರು. ಒಂದು ಹಿಡಿ ಸಿಪ್ಪೆ ತಂದು ನನ್ನ ಮೂಗಿಗೆ ಹಿಡಿದರು. ಸಿಪ್ಪೆಯಲ್ಲಿ ಉಳಿದಿದ್ದ ಕಬ್ಬಿನ ಹಾಲು ನೀರು ಕುಡಿದು, ಬಿಸಿಲಿಗೆ ಹುಳಿತು, ನೊರೆ ಬಿಟ್ಟಿತ್ತು. ಇಡೀ ಓಣಿಗೆ ಆಗುವಷ್ಟು ಮಾಲನ್ನು ನಾನೇ ತಲೆಯ ಮೇಲೆ ತಯಾರು ಮಾಡಿಟ್ಟಿದ್ದೆ!

"ನೀವು ಸಾರಾಯಿ ಮಾಡಿಲ್ಲ, ಖರೆ" ಎಂದಳು ಬೀಗತಿ. "ಆದ್ರ ಹುಟ್ಟೂ ಕೂಸು ಮೊದಲನೇ ಉಸರಿಗೆ ಇದನ್ನ ಮೂಸಬೇಕೇನ್ರಿ?"

ಮಗಳ ಕಡೆ ನೋಡಿದೆ. ಅವಳು ಅರಿವೆಯ ಗಂಟು ಹಿಡಿದು ನಿಂತಿದ್ದಳು. ಆ ಗಂಟು ಅಂದು ಕಟ್ಟಿದ್ದಲ್ಲ ಎಂದು ನನಗೆ ಇವತ್ತಿಗೂ ಸಂಶಯ.

"ಯವ್ವಾ, ನೀನೂ ನಡಿ. ಅಲ್ಲೇ ಬಾಣಂತನ ಮಾಡುವಂತಿ" ಎಂದಳು.

ಹೋದೆ. ಮಗಳ ಬಾಣಂತನಕ್ಕೆ ಬೀಗರ ಮನೆಗೆ ಹೋದ ತಾಯಿ ನಮ್ಮ ಓಣಿಯಲ್ಲಿ ನಾನೊಬ್ಬಳೇ. ಅವರ ಪಡಸಾಲೆಯಲ್ಲಿ ತಣ್ಣನೆ ಗಾಳಿ ಬಿಡುವ ಒಂದು ತಗಡಿನ ಡಬ್ಬಿ ಇತ್ತು. ಕೂಲರ್ ಎಂದರು. ಇದರಲ್ಲೇನೋ ಮೋಸವಿದೆ ಎಂದು ಹಿಂದೆ ಹೋಗಿ ಇಣುಕಿದೆ. ಒಳಗೆ ಹುಲ್ಲು. ಹುಲ್ಲಿನ ಮೇಲೆ ನೀರು. ನಾನು ಮಾಡಿದ್ದೂ ಅದೇ ಅಲ್ಲವೇ? ಅಂಗಡಿಯವನು ಹುಲ್ಲನ್ನು ಒಣಗಿಸಿ ಹಾಕಿದ್ದ, ಅಷ್ಟೇ ಫರಕು.

ಹೆರಿಗೆಯಂತೂ ಕೈಬಿಟ್ಟು ಹೋಯಿತು, ಕೂಸನ್ನಾದರೂ ಮೊದಲು ನಾನೇ ಎತ್ತಿಕೊಳ್ಳಬೇಕೆಂದು ಹಟ ಹಿಡಿದೆ. ಒಂದು ಮಧ್ಯಾಹ್ನ ಸುವರ್ಣಾಳಿಗೆ ಬೇನೆ ಬಂತು. ನರ್ಸಬಾಯಿ ಬಂದಳು. ಕೋಣೆಯಲ್ಲಿ ಗದ್ದಲ ಬೇಡ, ಹೊರಗೆ ಕೂತಿರಿ, ಹೊತ್ತಿಗೆ ಸರಿಯಾಗಿ ಕರೆಯುತ್ತೇನೆ ಎಂದಳು ಬೀಗತಿ. ಅವಳು ಕರೆಯುವವಳಲ್ಲ, ನನಗೆ ಗೊತ್ತು. ಆದ್ದರಿಂದ ಕೋಣೆಯ ಬಾಗಿಲಿಗೆ ನೆಟ್ಟಗೆ ಎದುರಾಗಿ, ಕೂಲರಿನ ಮುಂದೆ, ಬಾಗಿಲ ಮೇಲಿನ ಕಣ್ಣು ತೆಗೆಯದೆ ಕಾವಲು ಕೂತೆ.

ಮೊಮ್ಮಗಳು ಹುಟ್ಟಿದ ಸುದ್ದಿಯನ್ನು ನನ್ನನ್ನು ಎಬ್ಬಿಸಿ ಹೇಳಿದರು.