ಬೋರೇಗೌಡರನ್ನು ಹೋಟೆಲಿಗೆ ತಲುಪಿಸಿದ ಬಗೆ

ವಿಮಾನ ಇಳಿದ ಒಬ್ಬ ಮನುಷ್ಯನನ್ನು ಊರೊಳಗಿನ ಹೋಟೆಲಿಗೆ ಕರೆದುಕೊಂಡು ಹೋಗುವುದೂ ಒಂದು ಕೆಲಸವೇ? ಅಲ್ಲಿಯವರೆಗೆ ಅವನು ಆಕಾಶದಲ್ಲಿ ಬಂದಿರುತ್ತಾನೆ. ಕಷ್ಟದ ಭಾಗವೆಲ್ಲ ಮುಗಿದಿರುತ್ತದೆ. ಉಳಿದದ್ದು ನೆಲದ ಮೇಲಿನ ಐದಾರು ಮೈಲಿ ಅಷ್ಟೆ. ಮದ್ದೂರಿನ ಮಿಡ್ಲ್ ಸ್ಕೂಲಿನಲ್ಲಿ ವರ್ಷಗಟ್ಟಲೆ ಭೂಗೋಳ ಪಾಠ ಹೇಳಿದ ನಾನು ಹೀಗೆಂದೇ ನಂಬಿದ್ದೆ!

ಆಗ ಯುದ್ಧ ಮುಗಿದಿತ್ತು, ಪೆಟ್ರೋಲಿನ ರೇಷನ್ ಮಾತ್ರ ಮುಗಿದಿರಲಿಲ್ಲ. ಪೂರಿಗಾಲಿಯ ನನ್ನ ಮಾವನವರ ಮನೆಯಲ್ಲಿ ನನ್ನ ಹೆಂಡತಿಯ ತಂಗಿ ತಾಯಮ್ಮನಿಗೆ ಗಂಡು ಗೊತ್ತಾಗುವ ಹಂತದಲ್ಲಿತ್ತು. ಹುಡುಗ ಮಂಡ್ಯದಲ್ಲಿ ನಾಲೆಯ ಓವರ್ಸಿಯರ್. ಒಳ್ಳೆಯವನು. ಅದಕ್ಕೆ ಮೊದಲು ಎರಡು ಸಂಬಂಧ ಕೈಗೆ ಬಂದು ಜಾರಿಹೋಗಿದ್ದವು, ಮಾವನವರು ಅನ್ನ ಸೇರದೆ ಸೊರಗಿದ್ದರು. ಈ ಸಂಬಂಧವೋ, ಹುಡುಗನ ದೊಡ್ಡಪ್ಪ ಬೋರೇಗೌಡರ ಒಂದು ಮಾತಿನ ಮೇಲೆ ನಿಂತಿತ್ತು. ಹೈದರಾಬಾದಿನಲ್ಲಿ ಕಂಟ್ರಾಕ್ಟು ಮಾಡಿ ದುಡ್ಡು ಕಂಡ ಅವರು ವಿಮಾನದಲ್ಲಿ ಬೆಂಗಳೂರಿಗೆ ಬಂದು, ಊರ ನಡುವಿನ ಹೋಟೆಲಿನಲ್ಲಿ ಒಂದು ರಾತ್ರಿ ದಣಿವಾರಿಸಿಕೊಂಡು, ಮಾರನೆಯ ದಿನ ಹೆಣ್ಣು ನೋಡಲು ಬರುವುದೆಂದು ತೀರ್ಮಾನವಾಗಿತ್ತು. ಅವರನ್ನು ಎದುರುಗೊಂಡು ಹೋಟೆಲು ಸೇರಿಸುವ ಭಾರ ನಾನು ಹೊತ್ತೆ.

"ನೀವ್ ಬ್ಯಾಡಿ," ಎಂದಳು ನನ್ನ ಹೆಂಡತಿ ಜಯಮ್ಮ. "ನಮ್ಮಣ್ಣ ಓಗ್ಲಿ."

"ನಿಮ್ಮಣ್ಣನಿಗೆ ಬೆಂಗಳೂರು ಗೊತ್ತೇನೆ?"

"ನಿಮ್ಗೊತ್ತಾ? ಓದ್ಸತಿ ಲಾಲ್‌ಬಾಗ್ ನೋಡ್ತೀನಿ ಅಂತ ಓಗಿ, ಗೇಟು ಸಿಕ್ನಿಲ್ಲ ಅಂತ ಬರೀ ಕಾಂಪೌಂಡ್ ನೋಡ್ಕಂಡು ಬಂದ್ರಲ್ಲ!"

ನಿಜ ಹೇಳಬೇಕೆಂದರೆ ನನಗೆ ಬೋರೇಗೌಡರಿಗಿಂತ ವಿಮಾನದ ಮೇಲೆ ಕುತೂಹಲ. ಯುದ್ಧದ ಕಾಲದಲ್ಲಿ ಮದ್ದೂರಿನ ಮೇಲೆ ಎಷ್ಟೋ ವಿಮಾನ ಹಾದುಹೋಗಿದ್ದವು. ಒಂದೂ ನಿಂತು ಮಾತಾಡಿಸಿರಲಿಲ್ಲ! ಹತ್ತಿರದಿಂದ ನೋಡಬೇಕು, ಸಾಧ್ಯವಾದರೆ ಮುಟ್ಟಬೇಕು, ಹತ್ತಿ ಇಳಿದವರನ್ನು ಹಿಡಿದು ಕೇಳಬೇಕು ಎಂದು ಪ್ರಶ್ನೆಗಳು ಹೊಟ್ಟೆಯಲ್ಲಿ ಕುದಿಯುತ್ತಿದ್ದವು. ಜಯಮ್ಮ ತಯಾರಿಗೆಂದು ತವರಿಗೆ ಹೋದಳು. ನಾನು ಮದ್ದೂರಿನ ಬೆಲ್ಲದ ಸಾಹುಕಾರರ ಕಾರನ್ನು ಎರವಲು ಕೇಳಿದೆ.

ಅದು ಇದ್ದಿಲ ಗ್ಯಾಸಿನ ಕಾರು. ಹಿಂದುಗಡೆ ಹಂಡೆಯಷ್ಟು ದಪ್ಪದ ಒಲೆ, ಮೇಲೆ ಇದ್ದಿಲ ಮೂಟೆ. ಹ್ಯಾಂಡಲ್ ತಿರುಗಿಸಿ ಬೆಂಕಿಗೆ ಗಾಳಿ ಕೊಟ್ಟರೆ, ಮನಸ್ಸು ಬಂದಾಗ ಹೊರಡುತ್ತಿತ್ತು. ಡ್ರೈವರ್ ಜವರಯ್ಯ ವಾರವಾರವೂ ಸಾಹುಕಾರರನ್ನು ಬೆಂಗಳೂರಿನ ಮಾರ್ಕೆಟ್ಟಿಗೆ ಕರೆದೊಯ್ಯುವವನು. ಇನ್ನೇನು ಬೇಕು? ಕೋಳಿ ಕೂಗುವ ಮೊದಲೇ ಹೊರಟೆವು.

ಏರೋಡ್ರೋಮು ತಲುಪುವ ಹೊತ್ತಿಗೆ ವಿಮಾನ ಇಳಿಯುತ್ತಿತ್ತು. ಇಳಿದು, ಓಡಿ, ಮೂತಿ ಮೇಲಕ್ಕೆತ್ತಿ, ಬಾಲ ನೆಲಕ್ಕೂರಿ ಕೂತ ನಾಯಿಯ ಹಾಗೆ ನಿಂತಿತು. ನಾನು ಬಾಯಿ ತೆರೆದುಕೊಂಡು ನೋಡುತ್ತಲೇ ಇದ್ದೆ. ನೋಡಿ ಮುಗಿಸುವಷ್ಟರಲ್ಲಿ ಬೋರೇಗೌಡರು ನನ್ನನ್ನು ದಾಟಿ ಹೊರಗೆ ಹೋಗಿಬಿಟ್ಟಿದ್ದರು!

ಹೊರಗೆ ವಿಮಾನ ಕಂಪನಿಯ ಮೋಟಾರು ನಿಂತಿತ್ತು. ಇಳಿದವರನ್ನೆಲ್ಲ ಊರ ನಡುವಿನ ಹೋಟೆಲಿಗೆ ತಾನೇ ಮುಟ್ಟಿಸುತ್ತದಂತೆ. ಹೇಳಿ ಕಳಿಸಿದ್ದ ಗುರುತಿನಂತೆಯೇ ಜರಿಪೇಟ, ಬಿಳಿ ಸಿಲ್ಕ್ ಜುಬ್ಬದ ಬೋರೇಗೌಡರು ಅದರ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದರು. ನಾನು ಓಡಿ ಅವರ ತೋಳು ಹಿಡಿದುಕೊಂಡೆ.

"ಇಳೀರಿ ಯಜಮಾನ್ರೆ! ನಾನು ಪೂರಿಗಾಲಿ ಮನೆ ಅಳಿಯ, ಮದ್ದೂರಿನ ಮೇಷ್ಟ್ರು. ನಾವಿರೋವಾಗ ನೀವು ಯಾರದೋ ಗಾಡೀಲಿ ಹೋಗೋದುಂಟಾ?"

"ಇದು ಸೀದಾ ಓಟ್ಲಿಗೆ ಓಯ್ತದೆ ಕಣಪ್ಪ."

"ನಮ್ಮದೂ ಸೀದಾ ಹೋಗುತ್ತೆ!"

ಹೌದು, ಈ ಮಾತನ್ನು ನಾನೇ ಆಡಿದೆ.

ಬೀಗರಾಗುವವರ ಮಾತು ಮುರಿಯಬಾರದೆಂದು ಅವರು ಇಳಿದರು. ಜವರಯ್ಯ ಹ್ಯಾಂಡಲ್ ತಿರುಗಿಸಿದ. ಕಾರು ಕೆಮ್ಮಿತು. ನಾನು ತಿರುಗಿಸಿದೆ. ಮತ್ತೂ ಕೆಮ್ಮಿತು. ಕೊನೆಗೆ ಬೋರೇಗೌಡರು ತಾವೇ ಜುಬ್ಬದ ತೋಳು ಮಡಚಿ ತಿರುಗಿಸಿದಾಗ ಒಂದು ಮೋಡದಷ್ಟು ಹೊಗೆ ಉಗುಳಿ ಹೊರಟಿತು. ಕಂಪನಿಯ ಮೋಟಾರು ನಮ್ಮ ಪಕ್ಕದಲ್ಲೇ ಹಾದುಹೋಯಿತು. ಒಳಗಿದ್ದ ಬಿಳಿಯ ದೊರೆಯೊಬ್ಬ ನಮ್ಮನ್ನು ಕಂಡು ಮೆಲ್ಲಗೆ ಟೋಪಿ ತೆಗೆದ. ಹೆಣ ಕಂಡಾಗ ತೆಗೆಯುವ ಹಾಗೆ!

"ಮಾರ್ಕೆಟ್‌ವರೆಗೂ ನಡಿ, ಜವರಯ್ಯ. ಅಲ್ಲಿಂದಾಚೆ ನಾನು ಹೇಳ್ತೀನಿ," ಎಂದು ಅಪ್ಪಣೆ ಕೊಟ್ಟು, ಮುಂದಿನ ಸೀಟಿನಲ್ಲಿ ಪೂರಾ ಹಿಂದಕ್ಕೆ ತಿರುಗಿ ಕುಳಿತೆ. ಪ್ರಶ್ನೆಗಳಿಗೆ ಮುಹೂರ್ತ ಬಂದಿತ್ತು.

"ಯಜಮಾನ್ರೆ, ಮೋಡದೊಳಕ್ಕೆ ಹೊಕ್ಕಾಗ ಬಟ್ಟೆ ನೆನೆಯುತ್ತಾ?"

"ಕಿಟ್ಕಿ ಮುಚ್ಚಿರ್ತದೆ."

"ಎದುರಿಗೆ ಇನ್ನೊಂದು ಬಂದ್ರೆ ಪಕ್ಕಕ್ಕೆ ಸರಿಯೋರು ಯಾರು?"

"ಬರ್ನಿಲ್ಲ."

"ಮೇಲೆ ಮೈಲಿಕಲ್ಲೇ ಇಲ್ಲವಲ್ಲ, ದಾರಿ ಹೇಗೆ ತಿಳಿಯುತ್ತೆ?"

"ದಾರಿ ಗೊತ್ತಿರೋನು ನಡುಸ್ತಾನೆ."

"ಊಟಕ್ಕೇನು ಕೊಡ್ತಾರೆ?"

"ಪೆಪ್ಪರ್‌ಮೆಂಟು ಕೊಡ್ತಾರೆ. ಸದ್ದಿಗೆ ಕಿವಿ ನೋಯ್ತದೆ ಅಂತ ಅತ್ತಿ ಕೊಡ್ತಾರೆ," ಎಂದ ಬೋರೇಗೌಡರು ಜೇಬಿನಿಂದ ಆ ಹತ್ತಿಯನ್ನು ತೆಗೆದು ಮತ್ತೆ ಎರಡೂ ಕಿವಿಗೆ ಇಟ್ಟುಕೊಂಡರು.

ಆಮೇಲೆ ಅವರಿಗೆ ನಿದ್ದೆ ಬಂತು. ಅವರಿಗೆ ಬಂದದ್ದು ನೋಡಿ ನನಗೂ ಬಂತು.

ಯಾರೋ ಭುಜ ಅಲುಗಾಡಿಸಿದಾಗ ಎಚ್ಚರವಾಯಿತು. ಬೋರೇಗೌಡರು ಕಿಟಕಿಯಾಚೆ ಕೈ ತೋರಿಸುತ್ತಿದ್ದರು. "ಮೇಷ್ಟ್ರೆ, ನಿಮ್ ಓಟ್ಲು ಈ ಬೆಟ್ಟದ್ ಮೇಲಾ, ಕೆಳ್ಗಾ?"

ನೋಡಿದೆ. ಬಂಡೆ. ಬಂಡೆಯ ಹಿಂದೆ ಬಂಡೆ. ಮದ್ದೂರಿನ ದಾರಿಯ ರಾಮಗಿರಿ ಬೆಟ್ಟ! ಬೆಂಗಳೂರು ಮೂವತ್ತು ಮೈಲಿ ಹಿಂದೆ ಉಳಿದಿತ್ತು.

"ಲೋ ಜವರಯ್ಯ! ಎಲ್ಲಿಗೋ ಬಂದೆ?"

"ನೀವು ಮಾರ್ಕೆಟ್ ತಾವ ದಾರಿ ಯೋಳ್ತೀನಿ ಅಂದ್ರಿ. ಯೋಳ್ನಿಲ್ಲ. ಎರಡ್ ಸತಿ ಕೂಗ್ದೆ, ಗೊರ್ಕೆ ವಡ್ದ್ರಿ. ನಂಗ್ ಗೊತ್ತಿರಾ ದಾರಿ ಇಡ್ಕಂಡೆ."

"ತಿರುಗಿಸೋ ಕಾರನ್ನ!"

"ಇದ್ಲು ಎಲ್ಲದೆ ಸೋಮಿ? ಉಳ್ದಿರಾದು ಮದ್ದೂರ್ ಮುಟ್ಟಕ್ಕೇ ಸರ್ಯಾಗದೆ."

ಅದೂ ಸರಿಯಾಗಲಿಲ್ಲ. ಸೋಮನಹಳ್ಳಿಯ ಏರಿನಲ್ಲಿ ಕಾರು ನಿಂತುಬಿಟ್ಟಿತು. ಮೂವರೂ ಒಲೆಯ ಬೂದಿ ಕೆದಕಿ, ಮೂಟೆ ಒದರಿ, ಪುಡಿ ಇದ್ದಿಲು ತುಂಬಿಸಿ, ಸರದಿಯ ಮೇಲೆ ಹ್ಯಾಂಡಲ್ ತಿರುಗಿಸಿದೆವು. ಬೋರೇಗೌಡರ ಜುಬ್ಬ ಯಾವ ಬಣ್ಣದ್ದೆಂದು ಈಗ ಆಣೆ ಇಟ್ಟು ಹೇಳುವ ಹಾಗಿರಲಿಲ್ಲ. ತಾಯಮ್ಮನ ಮೂರನೆಯ ಸಂಬಂಧವನ್ನು ನಾನು ನನ್ನ ಕೈಯಾರೆ ಸುಡುತ್ತಿದ್ದೆ, ಅದೂ ಇದ್ದಿಲು ಹಾಕಿ!

ಮದ್ದೂರಿನಲ್ಲಿ ಹೊಸ ಮೂಟೆ ಸಿಕ್ಕಿತು. ಇಲ್ಲೇ ನಮ್ಮ ಮನೆಯಲ್ಲಿ ಇಳಿದುಕೊಳ್ಳಿ ಎಂದು ಕೈಮುಗಿದೆ.

"ನಿಮ್ಮನೇಗಾ?" ಎಂದರು ಬೋರೇಗೌಡರು. "ನೀವು ಕರ್ಕಂಡೋದ್ರೆ ಅದು ಇನ್ನೆಲ್ಲಿಗೆ ಓಯ್ತದೋ! ಓಟ್ಲೂ ಬ್ಯಾಡ, ನಿಮ್ಮನೇನೂ ಬ್ಯಾಡ. ಎಣ್ಣಿನ ಮನೆಗೇ ಬುಡು ಜವರಯ್ಯ. ಒಂದು ಚೆಂಬು ಬಿಸ್ನೀರಾದ್ರೂ ಕೊಟ್ಟಾರು."

ಹೀಗೆ, ನಾಳೆ ಬರಬೇಕಾದ ಬೀಗರು ಇವತ್ತು ದೀಪ ಹಚ್ಚುವ ಹೊತ್ತಿಗೆ, ಮಳವಳ್ಳಿಯನ್ನೂ ದಾಟಿ ಪೂರಿಗಾಲಿಗೆ ಬಂದಿಳಿದರು. ಮನೆಯಲ್ಲಿ ಎಲ್ಲವೂ ನಾಳೆಗೆಂದೇ ಕಾದಿತ್ತು. ಮಾವನವರು ಬರಿ ಮೈಯಲ್ಲಿ ಏಣಿ ಹತ್ತಿ ಗೋಡೆಗೆ ಸುಣ್ಣ ಬಳಿಯುತ್ತಿದ್ದರು. ಔತಣಕ್ಕೆಂದು ತಂದ ಬಂಡೂರು ಕುರಿ ಹಿತ್ತಲಲ್ಲಿ ಆರಾಮಾಗಿ ಮೆಲುಕು ಹಾಕುತ್ತಿತ್ತು. ತಾಯಮ್ಮ ಸೀರೆ ಎತ್ತಿ ಸಿಕ್ಕಿಸಿ, ಮೊಣಕೈವರೆಗೂ ಸಗಣಿ ಮಾಡಿಕೊಂಡು ಅಂಗಳ ಸಾರಿಸುತ್ತಿದ್ದಳು. ತಲೆ ಎತ್ತಿ ನಮ್ಮ ಮೂವರನ್ನೂ ನೋಡಿದಳು.

"ಇದ್ಲು ಬ್ಯಾಡ, ಮುಂದ್ಕೋಗ್ರಪ್ಪ!" ಎಂದಳು.

ಏಣಿಯ ಮೇಲೆ ಮಾವನವರು ಕಲ್ಲಾದರು. ಬಾಗಿಲಿಗೆ ಬಂದ ಜಯಮ್ಮ ನನ್ನ ಗುರುತು ಹಿಡಿದು ಹಣೆ ಚಚ್ಚಿಕೊಂಡಳು.

"ಇದ್ಲು ಮಾರೋರಲ್ಲ ಕಣವ್ವ," ಎಂದರು ಬೋರೇಗೌಡರು. "ಗಂಡಿನ ಕಡೆಯೋರು."

ತಾಯಮ್ಮ ಅಳುತ್ತಾ ಒಳಗೋಡುತ್ತಾಳೆಂದೇ ನಾನು ಎಣಿಸಿದೆ. ಅವಳು ಓಡಲಿಲ್ಲ. ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಅಂಗಾರೆ ಮೊದ್ಲು ನೀರು ಉಯ್ಕಳಿ ಮಾವ. ಅಂಡೇಲಿ ಕಾದದೆ. ಸಾರ್ಸಿರಾ ತಾವ ಕಾಲಿಡ್ಬ್ಯಾಡಿ, ಈ ಕಡೆಯಿಂದ ಬನ್ನಿ," ಎಂದು ತಾನೇ ಮುಂದಾಗಿ ಬಚ್ಚಲಿಗೆ ದಾರಿ ತೋರಿಸಿದಳು. ಆ ದಿನ ಅವರಿಗೆ ಸಿಕ್ಕಿದ ಮೊದಲ ಸರಿಯಾದ ದಾರಿ ಅದು.

ಬೋರೇಗೌಡರು ಎರಡು ಹಂಡೆ ನೀರು ಸುರಿದುಕೊಂಡರು. ಎರಡು ಮುದ್ದೆ, ಬಸ್ಸಾರು ಉಂಡು, ಜಗಲಿಯ ಮೇಲೆ ಮಲಗಿಬಿಟ್ಟರು. ನನಗೆ ಮಾತ್ರ ಊಟ ಮಾಡು ಎಂದು ಯಾರೂ ಹೇಳಲಿಲ್ಲ.

ಬೆಳಿಗ್ಗೆ ಎಲ್ಲರೂ ಅವರ ಸುತ್ತ ಕುಳಿತೆವು. ಅವರು ಎಲೆಅಡಿಕೆ ಹಾಕಿಕೊಂಡು ಗಂಟಲು ಸರಿಮಾಡಿಕೊಂಡರು.

"ಎಣ್ಣು ಒಪ್ಗೆ. ಓಟ್ಲಲ್ಲಿ ಉಳ್ಕಂಡು ಇವತ್ತು ಬಂದಿದ್ರೆ ಸೀರೆ ನೋಡಿರೋನು, ನೆನ್ನೆ ಬಂದುದ್ಕೆ ಎಣ್ಣು ನೋಡ್ದೆ."

ನಾನು ಎದೆಯುಬ್ಬಿಸಿ ಜಯಮ್ಮನ ಕಡೆ ನೋಡಿದೆ. ನೋಡಿದೆಯಾ, ನನ್ನಿಂದಲೇ!

"ಒಂದೇ ಒಂದು ಸರತ್ತು," ಎಂದರು ಅವರು. ಮಾವನವರ ಮುಖ ಬಿಳುಪೇರಿತು. ಏನು ಕೇಳುತ್ತಾರೋ? ಗದ್ದೆಯೋ, ಚಿನ್ನವೋ?

"ದಿಬ್ಬಣ ಎದುರುಗೊಳ್ಳಕ್ಕೆ ಈ ಮೇಷ್ಟ್ರನ್ನ ಕಳುಸ್ಕೂಡ್ದು."

"ಒಪ್ಗೆ!" ಎಂದರು ಮಾವನವರು, ನಾನು ಬಾಯಿ ತೆರೆಯುವುದಕ್ಕೂ ಮೊದಲು.

ಮದುವೆ ಬಹಳ ಚೆನ್ನಾಗಿ ನಡೆಯಿತಂತೆ. ನನ್ನನ್ನು ಹಿತ್ತಲಲ್ಲಿ ಅಡಿಗೆಯ ಸೌದೆ ಕಾಯಲು ಕೂರಿಸಿದ್ದರು. ಅಲ್ಲಿಗೆ ಹೋಗುವಾಗಲೂ ನಾನು ದಾರಿ ತಪ್ಪಬಾರದೆಂದು ಜಯಮ್ಮನೇ ಕೈಹಿಡಿದು ಕರೆದುಕೊಂಡು ಹೋಗಿ ಬಿಟ್ಟು ಬಂದಳು.