ಕಂಪ್ರೆಸರ್ ಬಿಚ್ಚಿದ ಶುಕ್ರವಾರ

"ಇವತ್ತು ಸೂರ್ಯ ಮುಳುಗೋದರೊಳಗೆ ಈ ಕಂಪ್ರೆಸರಿನ ಸವೆದ ವಾಲ್ವು, ಸೀಲು ಎಲ್ಲಾ ನಾನೇ ಬದಲಾಯಿಸ್ತೀನಿ!" ಎಂದು ನಾನು ಘೋಷಿಸಿದಾಗ ನಮ್ಮ ಕಡಲೂರು ದಹಬ್‌ನ ಸಮುದ್ರವೇ ಒಂದು ಕ್ಷಣ ಸುಮ್ಮನಾಯಿತು. ನನ್ನ ಗಂಡ ಶುಕ್ರಿ ಮಾತ್ರ ಸುಮ್ಮನಾಗಲಿಲ್ಲ.

"ಇಜ್ಲಾಲ್, ಅದೇನು ಕುಕ್ಕರಾ, ರಬ್ಬರ್ ತೆಗೆದು ರಬ್ಬರ್ ಹಾಕೋಕೆ? ನಾಳೆ ಗುಜರಿಯವನು ಬರ್ತಾನೆ, ಕೊಟ್ಟುಬಿಡೋಣ. ನೀನು ಹಾಯಾಗಿ ಡೈವರ್‌ಗಳಿಗೆ ಊಟ ಬೇಯಿಸಿ ಹಾಕ್ಕೊಂಡಿರು."

ಹಾಯಾಗಿ! ಕಡಲಡಿಗೆ ಇಳಿಯುವವರ ಸಿಲಿಂಡರುಗಳಿಗೆ ಗಾಳಿ ತುಂಬುವ ಆ ಹಳೆಯ ಯಂತ್ರವೇ ನನ್ನನ್ನು ಒಲೆಯ ಮುಂದಿನಿಂದ ನಮ್ಮ ಡೈವಿಂಗ್ ಅಂಗಡಿಗೆ ಎಳೆದು ತಂದದ್ದು. ಅದು ಹೋದರೆ ನಾನು ಮತ್ತೆ ಒಲೆಯ ಮುಂದೆಯೇ. ನಾನು ಗರ್ಜಿಸಿದೆ: "ಹಾಗಾದ್ರೆ ಇವತ್ತಿನ ಅಡುಗೆ ನಿಂದು. ಮುಲೂಖಿಯಾ ಸೊಪ್ಪಿನ ಸಾರು!"

ಮೇಲ್ವಿಚಾರಣೆಗೆಂದು ಅತ್ತೆ ಅಡುಗೆಮನೆಯಲ್ಲಿ ಕುರ್ಚಿ ಹಾಕಿಕೊಂಡು ಕೂತರು.

ಯಂತ್ರ ಗಾಳಿಯನ್ನು ಮೂರು ಹಂತಗಳಲ್ಲಿ ಒತ್ತುತ್ತದೆ. ಪ್ರತಿ ಹಂತಕ್ಕೂ ಗಾಳಿ ಎಳೆಯಲೊಂದು, ಬಿಡಲೊಂದು ವಾಲ್ವು. ನೋಡಲು ಅವಳಿ ಜವಳಿ. ಹೊಸ ವಾಲ್ವು, ರಬ್ಬರ್ ಬಳೆಯಂಥ ಸೀಲುಗಳನ್ನು ಊಟದ ಮೇಜಿನ ಮೇಲೆ ಮದುವೆ ಮೆರವಣಿಗೆಯಂತೆ ಸಾಲಾಗಿ ಜೋಡಿಸಿ, ಹಳೆಯವನ್ನು ಕಳಚಲು ಹಿತ್ತಲಿಗೆ ಹೋದೆ. ಬಂದು ನೋಡಿದರೆ ಮೇಜು ಫಳಫಳ! ಮದುವೆಯಾದ ಮೇಲೆ ಮೊಟ್ಟಮೊದಲ ಬಾರಿಗೆ ಶುಕ್ರಿ ಮೇಜು ಒರೆಸಿದ್ದ!

"ಸಾಮಾನೆಲ್ಲ ಎಲ್ಲಿ?"

"ಎಲ್ಲಾ ಒಂದೇ ಬಟ್ಟಲಿಗೆ ಸುರಿದಿದೀನಿ. ಎಷ್ಟು ಚೊಕ್ಕಟ ನೋಡು! ಒಂದು ಮಾತು ಹೊಗಳಬಾರದಾ?"

ಹೊಗಳುವುದೆ? ಅಳು ಬಂತು. ದೇವರ ಮೇಲೆ ಭಾರ ಹಾಕಿ, ಅಂದಾಜಿನಲ್ಲಿ ಜೋಡಿಸಿ ಗುಂಡಿ ಒತ್ತಿದೆ. ಯಂತ್ರ ನಡುಗಿತು. ಸುರಕ್ಷತಾ ವಾಲ್ವು 'ಢಬ್!' ಎಂದು ತೆರೆದು ಗಾಳಿ ಕಕ್ಕಿತು. "ಹಾಆಆ!" ಎಂದು ಉಸಿರೆಳೆದುಕೊಂಡೆ.

ಕಿಟಕಿಯಿಂದ ಅತ್ತೆಯ ದನಿ: "ಭೇಷ್ ಮಗಳೇ! ಹಿರಿಯರು ಹೇಳಿದ್ದು ಸುಳ್ಳಲ್ಲ, ಒಗ್ಗರಣೆ ಬೀಳೋ ಹೊತ್ತಿಗೆ ಯಾರಾದ್ರೂ ಹಾಗೆ ಉಸಿರೆಳೀದೇ ಇದ್ರೆ ಮುಲೂಖಿಯಾ ಕೆಡುತ್ತೆ. ಇವನು ನೋಡು, ಗಂಡಸರು ಹಾಗೆಲ್ಲ ಮಾಡಲ್ಲ ಅಂತ ಬಾಯಿ ಹೊಲ್ಕೊಂಡು ನಿಂತಿದಾನೆ!"

"ನಾನಿಲ್ಲಿ ಸಾಯ್ತಾ ಇದೀನಿ ಅತ್ತೆ!"

"ಸಾಯೋ ಮುಂಚೆ ಇನ್ನೊಂದ್ಸಲ ಎಳೆದುಬಿಡು. ಮೊದಲ ಒಗ್ಗರಣೆ ಸೀಯಿಸಿದ, ಈಗ ಮತ್ತೆ ಹುರೀತಾ ಇದಾನೆ."

ಒತ್ತಡ ಇಳಿಸಿ ಬಿಚ್ಚಿದರೆ, ಗಾಳಿ ಎಳೆಯುವ ವಾಲ್ವು ಬಿಡುವ ಜಾಗದಲ್ಲಿ! ಅದಲು ಬದಲು ಮಾಡಿ, ಬಳೆಗಳನ್ನು ಬೆರಳಲ್ಲಿ ತಡವಿ ತಡವಿ ಕೂರಿಸಿದೆ. ಸೂರ್ಯ ಆಗಲೇ ಗುಡ್ಡದ ನೆತ್ತಿಗೆ ಇಳಿದಿದ್ದ. ಕಣ್ಣು ಮುಚ್ಚಿ ಗುಂಡಿ ಒತ್ತಿದೆ. ಒತ್ತಡದ ಮುಳ್ಳು ಏರಿತು, ಏರಿತು, ಬೇಕಾದ ಇನ್ನೂರು ಮುಟ್ಟಿತು! ಎಲ್ಲೂ ಬುಸ್ ಅನ್ನಲಿಲ್ಲ!

"ಶುಕ್ರೀ, ಬಾ ನೋಡು!"

ಮೊದಲ ಸಿಲಿಂಡರಿನ ಗಾಳಿಯನ್ನು ನಾನೇ ಸೇದಿ ನೋಡಿದೆ. ಇಂಗು ತಿಂದ ಮಂಗನಂತಾದೆ. ಶುಕ್ರಿ ಕಸಿದುಕೊಂಡು ಸೇದಿದ.

"ಬೆಳ್ಳುಳ್ಳಿ!"

ಯಂತ್ರ ಗಾಳಿ ಎಳೆಯುವ ಕೊಳವೆ ಅಡುಗೆಮನೆ ಕಿಟಕಿಯ ಪಕ್ಕದಲ್ಲೇ ಬಾಯ್ತೆರೆದು ನಿಂತಿತ್ತು. ವಾಲ್ವು, ಸೀಲುಗಳ ಗಡಿಬಿಡಿಯಲ್ಲಿ, ವಾಸನೆ ಹೀರುವ ಫಿಲ್ಟರ್ ಬದಲಾಯಿಸುವುದನ್ನೇ ನಾನು ಮರೆತಿದ್ದೆ!

ಅತ್ತೆಯೂ ಬಂದು, ಕಣ್ಣು ಮುಚ್ಚಿ ಒಂದು ಉಸಿರು ಸೇದಿ ತೀರ್ಪಿತ್ತರು: "ಮಷೀನ್ ಚೆನ್ನಾಗಿದೆ ಮಗಳೇ. ಶುಕ್ರೀ, ಎರಡನೇ ಒಗ್ಗರಣೆನೂ ಸೀದಿದೆ."

ನಾನು ತಲೆತಗ್ಗಿಸಿ ಸಿಲಿಂಡರ್ ಖಾಲಿ ಮಾಡತೊಡಗಿದೆ. ಶುಕ್ರಿ ಉದಾರವಾಗಿ ಬೆನ್ನು ತಟ್ಟಿದ.

"ನೀನೇ ಗೆದ್ದೆ ಕಣೇ, ಮಷೀನ್ ಮಾರಲ್ಲ. ಫಿಲ್ಟರ್ ಹಾಕು, ನಾಳೆಯಿಂದ ನೀನೇ ನಡೆಸು. ಆದ್ರೆ ಅದು ಓಡೋವಾಗ ಒಲೆ ಉರೀಬಾರದು. ಅದಕ್ಕೇ ದಿನಾ ಬೆಳಕು ಹರಿಯೋ ಮುಂಚೆ ಎದ್ದು ಅಡುಗೆ ಮುಗಿಸಿಬಿಡು!"