ಆರನೇ ಕ್ಲಾಸ್ ಬಿಟ್ಟ ಕೋಳಿ ಪ್ರೊಫೆಸರ್

ನಾನು ಎಲ್ಲಿಗೆ ಓಡಿದರೂ ಯಾವುದೋ ಒಂದು ಶಾಲೆ ನನಗಿಂತ ಮೊದಲೇ ಅಲ್ಲಿಗೆ ಹೋಗಿ, ಬಾಗಿಲು ತೆರೆದು ಕೂತಿರುತ್ತದೆ. ಗದಗಿನಲ್ಲಿ ಆರನೇ ಕ್ಲಾಸಿನ ಕಿಟಕಿ ಹಾರಿ ಹೊರಬಿದ್ದವನು ನಾನು. ಹುಬ್ಬಳ್ಳಿ ಸ್ಟೇಷನ್ನಿನ ಕ್ಯಾಂಟೀನು, ಮುಂಬಯಿಯ ಖಾನಾವಳಿ, ಒಂದು ಸರ್ಕಸ್ಸಿನ ಅಡುಗೆ ಡೇರೆ, ಎಲ್ಲೂ ವರ್ಷ ತುಂಬಲಿಲ್ಲ. ಅರವತ್ತರ ದಶಕದ ಕೊನೆಗೆ ಧಾರವಾಡದ ಡಾಕ್ಟರೊಬ್ಬರು ನ್ಯೂಜೆರ್ಸಿಯ ಎಡಿಸನ್ನಿಗೆ ಹೊರಟಾಗ ಅವರ ಮನೆಯ ಅಡುಗೆಯವನಾಗಿ ವಿಮಾನ ಹತ್ತಿದೆ. ಏಳು ಸಮುದ್ರ ದಾಟಿದ ಮೇಲಾದರೂ ಶಾಲೆಯ ಕಾಟ ತಪ್ಪೀತು ಅಂದುಕೊಂಡಿದ್ದೆ. ತಪ್ಪಲಿಲ್ಲ.

೧. ನಾನಲ್ಲ

ಒಂದು ಬೆಳಿಗ್ಗೆ ವ್ಯಾನಿನಲ್ಲಿ ಮೊಟ್ಟೆ ಮಾರುವ ಮುದುಕನೊಬ್ಬ ಬಾಗಿಲು ತಟ್ಟಿದ. ಫ್ರೀಹೋಲ್ಡ್ ಕಡೆ ಅವನದೇ ಕೋಳಿ ಫಾರ್ಮು. ಡಾಕ್ಟರ ಹೆಂಡತಿ ಒಳಗಿನಿಂದಲೇ ಬೇಡ ಅಂದರು. ಅವನು ಹೋಗುವಾಗ ಸುಮ್ಮನೆ, "ವ್ಯಾನಿಗೆ ಒಬ್ಬ ಆಳು ಬೇಕಿತ್ತು" ಅಂತ ಗೊಣಗಿದ. ಅವರು ಮೊಟ್ಟೆ ಬೇಡ ಅಂದರು, ನಾನು ಮೊಟ್ಟೆಯ ಜೊತೆಗೇ ಹೊರಟುಹೋದೆ.

ಪ್ರತಿ ವಸಂತದಲ್ಲಿ ಸುತ್ತಲಿನ ಶಾಲೆಗಳಿಗೆ ಆ ಫಾರ್ಮಿನಿಂದ ಹನ್ನೆರಡು ಮೊಟ್ಟೆ ಮತ್ತು ಕರೆಂಟಿನ ಕಾವು ಪೆಟ್ಟಿಗೆ ಹೋಗುತ್ತಿದ್ದವು. ಮಕ್ಕಳು ಇಪ್ಪತ್ತೊಂದು ದಿನ ನೋಡಿಕೊಂಡರೆ ಮರಿ ಹೊರಗೆ ಬರುತ್ತಿತ್ತು. ತಂದುಕೊಟ್ಟು ವಿವರಿಸುವುದು ಇನ್ನು ನನ್ನ ಕೆಲಸ. ಮೊದಲ ದಿನ ಮುದುಕ ನನ್ನನ್ನು ಮೂರನೇ ಕ್ಲಾಸಿನ ಮುಂದೆ ನಿಲ್ಲಿಸಿ, "ಇವರು ಇಂಡಿಯಾದ ಪ್ರೊಫೆಸರ್" ಅಂದುಬಿಟ್ಟ. ಅವನಿಗೆ ಸೂಟು ಹಾಕಿದ ಇಂಡಿಯಾದವರೆಲ್ಲ ಪ್ರೊಫೆಸರೇ. ಸೂಟು ಡಾಕ್ಟರದು.

ದೀಪ ಆರಿಸಿ, ಫಾರ್ಮಿನಲ್ಲಿ ಆಗಲೇ ಐದು ದಿನ ಕಾವು ಕೊಟ್ಟಿದ್ದ ಒಂದು ಮೊಟ್ಟೆಯನ್ನು ಟಾರ್ಚಿನ ಬೆಳಕಿಗೆ ಹಿಡಿದು ತೋರಿಸಿದೆ. ಒಳಗೆ ಕೆಂಪು ಎಳೆಗಳು, ನಡುವೆ ಮಿಡಿಯುವ ಒಂದು ಚುಕ್ಕೆ. ಮಕ್ಕಳು ಉಸಿರು ಬಿಡದೆ ನೋಡಿದರು. ಕತ್ತಲಲ್ಲಿ ಒಬ್ಬ ಕೇಳಿದ, "ಅದನ್ನು ಒಳಗೆ ಇಟ್ಟವರು ಯಾರು?"

ಟೀಚರ್ ಕೆಮ್ಮಿದರು. ಮೂವತ್ತು ತಲೆಗಳು ನನ್ನ ಕಡೆ ತಿರುಗಿದವು.

"ನಾನಲ್ಲ" ಅಂದೆ.

೨. ಎಜುಕೇಶನ್ ಡಿಪಾರ್ಟ್‌ಮೆಂಟ್

ಅಡುಗೆ ಕೆಲಸ ಬಿಟ್ಟರೂ ಡಾಕ್ಟರ ಮನೆಯ ಬೇಸ್‌ಮೆಂಟಿನಲ್ಲೇ ಇದ್ದೆ. ಬಾಡಿಗೆಯ ಬದಲು ಭಾನುವಾರ ಅಡುಗೆ ಮಾಡಬೇಕು, ಸ್ನಾನ ಮಾಡದೆ ಅಡುಗೆಮನೆಯ ಹೊಸ್ತಿಲು ದಾಟಬಾರದು. ಡಾಕ್ಟರ ಹೆಂಡತಿಯನ್ನು ನಾನು ಅಕ್ಕಾರ ಅನ್ನುತ್ತಿದ್ದೆ. ಮೊಟ್ಟೆಗೆ ನಮ್ಮ ಕಡೆ ತತ್ತಿ ಅನ್ನುತ್ತಾರೆ, ಅವರ ಬಾಯಲ್ಲಿ ಆ ಶಬ್ದ ಬರುತ್ತಿರಲಿಲ್ಲ. 'ಆ ಬಿಳೇವು' ಅನ್ನುತ್ತಿದ್ದರು.

"ನೋಡಪಾ, ಇವತ್ತ ಕನ್ನಡದವ್ರು ನಾಕು ಮನಿಯವ್ರು ಊಟಕ್ಕ ಬರ್ತಾರ. ಯಾರ್ ಕೇಳಿದ್ರೂ ಆ ಬಿಳೇವು ಹಂಚ್ತೀನಿ ಅಂತ ಹೇಳಬ್ಯಾಡ."

"ಮತ್ತೇನ್ ಹೇಳ್ಲಿ ಅಕ್ಕಾರ?"

"ನಾ ಹೇಳ್ತೀನಿ ಬಿಡು."

ಎಲ್ಲರ ಮುಂದೆ ಹೇಳಿದರು: "ನಮ್ಮ ಹುಡುಗ ಈಗ ಎಜುಕೇಶನ್ ಡಿಪಾರ್ಟ್‌ಮೆಂಟಿನ್ಯಾಗ ಇದ್ದಾನ್ರೀ." ಮೈಸೂರಿನ ಎಂಜಿನಿಯರೊಬ್ಬರು ಎದ್ದು ನಿಂತು ಕೈ ಕುಲುಕಿದರು.

ಊಟ ಆದ ಮೇಲೆ ಆ ಎಂಜಿನಿಯರೇ ಬೇಸ್‌ಮೆಂಟಿಗೆ ಇಳಿದು ಬಂದರು. "ನಿಮ್ಮ ವ್ಯಾನ್ ನೋಡಿದೀನಿ. ಒಂದು ಡಜನ್ ಸಿಗುತ್ತಾ? ಆಸ್ಪತ್ರೆ ಡಾಕ್ಟರು ಪ್ರೋಟೀನ್ ತಿನ್ನಿ ಅಂದಿದಾರೆ. ನನ್ನ ಹೆಂಡತಿಗೆ ಗೊತ್ತಾಗಬಾರದು." ಅವರು ಆ ಕಡೆ ಹೋದರು, ಹೆಂಡತಿ ಈ ಕಡೆ ಬಂದರು. "ಒಂದೇ ಡಜನ್ ಸಾಕು. ಮಗು ಸ್ಕೂಲಿನಲ್ಲಿ ತಿಂದು ರೂಢಿ ಮಾಡ್ಕೊಂಡಿದೆ. ನಮ್ಮನೆಯವರಿಗೆ ಹೇಳ್ಬೇಡಿ, ಬಹಳ ಮಡಿ ಅವರು." ಹೀಗೆ ನಾಲ್ಕೂ ಮನೆಯವರು ಬೇರೆಬೇರೆಯಾಗಿ ಇಳಿದರು, ಬೇರೆಬೇರೆಯಾಗಿ ಹತ್ತಿದರು.

ಕೊನೆಗೆ ಮೆಟ್ಟಿಲ ಮೇಲೆ ಅಕ್ಕಾರ ನಿಂತಿದ್ದರು. ಸೆರಗಿನಿಂದ ಒಂದು ಪಾತ್ರೆ ಮುಚ್ಚಿಕೊಂಡಿದ್ದರು.

"ಮಗಳ ಬರ್ತ್‌ಡೇಕ್ಕ ಕೇಕ್ ಮಾಡಬೇಕಂತ. ಒಂದೆರಡು ಆ ಬಿಳೇವು…"

"ಮುಗದಾವ್ರಿ ಅಕ್ಕಾರ. ಎಲ್ಲಾ ಎಜುಕೇಶನ್ ಡಿಪಾರ್ಟ್‌ಮೆಂಟಿಗೆ ಹೋದವು."

೩. ಕನ್ನಡಕ

ಮೂರನೇ ಕ್ಲಾಸಿನ ಆ ಟೀಚರ್ ಐವತ್ತು ದಾಟಿದ ಹೆಂಗಸು, ಮೆಲುಮಾತಿನವರು. ಪ್ರತಿ ವಾರ ಹೋದಾಗ ಏನಾದರೂ ಓದಲು ಕೊಡುತ್ತಿದ್ದರು. ನನಗೆ ಮಾತಾಡುವಷ್ಟು ಇಂಗ್ಲಿಷ್ ಹೇಗೋ ಒಲಿದಿತ್ತು, ಓದಲು ಬರುತ್ತಿರಲಿಲ್ಲ. "ಕನ್ನಡಕ ಮರೆತು ಬಂದೆ" ಅನ್ನುತ್ತಿದ್ದೆ. ಮೂರು ವಾರ ನಡೆಯಿತು. ನಾಲ್ಕನೇ ವಾರ ಅವರು ತಮ್ಮ ಮೂಗಿನ ಮೇಲಿನದನ್ನೇ ತೆಗೆದು ಕೊಟ್ಟರು.

ಹಾಕಿಕೊಂಡೆ. ಗೋಡೆ, ಬೋರ್ಡು, ಮಕ್ಕಳು ಎಲ್ಲ ನೀರಿನಲ್ಲಿ ಮುಳುಗಿದ ಹಾಗಾಯಿತು.

"ಈಗ ಕಾಣುತ್ತದೆಯಾ, ಪ್ರೊಫೆಸರ್?"

"ಬಹಳ ಚೆನ್ನಾಗಿ."

"ಹಾಗಾದರೆ ಬೋರ್ಡಿನ ಮೇಲಿರುವುದನ್ನು ಓದಿ ಹೇಳಿ."

ನಾನು ಬೋರ್ಡಿನ ಕಡೆ ಬೆರಳು ಮಾಡಿ, ಗಟ್ಟಿ ದನಿಯಲ್ಲಿ ಶುರು ಮಾಡಿದೆ. ಮೊಟ್ಟೆಯನ್ನು ದಿನಕ್ಕೆ ಮೂರು ಸಲ ತಿರುಗಿಸಬೇಕು, ಹದಿನೆಂಟನೇ ದಿನ ನಿಲ್ಲಿಸಬೇಕು, ಮರಿ ತಾನೇ ಒಡೆದು ಬರುವಾಗ ಯಾರೂ ಕೈ ಹಾಕಬಾರದು. ಎಲ್ಲ ಬಾಯಿಪಾಠ. ಮುಂದಿನ ಬೆಂಚಿನ ಒಬ್ಬಳು ಪುಟ್ಟ ಹುಡುಗಿ ಕೈ ಎತ್ತಿದಳು.

"ಪ್ರೊಫೆಸರ್, ಅಲ್ಲಿ ಬರೆದಿರುವುದು ಇವತ್ತಿನ ಊಟಕ್ಕೆ ಏನಿದೆ ಅಂತ."

ಮಕ್ಕಳು ಮನೆಗೆ ಹೋದ ಮೇಲೆ ಟೀಚರ್ ಕನ್ನಡಕ ವಾಪಸ್ ತೆಗೆದುಕೊಂಡು ಹೇಳಿದರು: "ನಿಮ್ಮ ಕಣ್ಣು ಚೆನ್ನಾಗಿಯೇ ಇದೆ. ಯಾವ ಕ್ಲಾಸಿಗೆ ಶಾಲೆ ಬಿಟ್ಟಿರಿ?"

"ಆರು."

ಅವರು ನಗಲಿಲ್ಲ. ಮಂಗಳವಾರ, ಗುರುವಾರ ಶಾಲೆ ಬಿಟ್ಟ ಮೇಲೆ ಬನ್ನಿ, ಕಲಿಸುತ್ತೇನೆ ಅಂದರು. ಆ ಕೋಣೆಯಲ್ಲಿ ಇದ್ದದ್ದು ಮೊಣಕಾಲೆತ್ತರದ ಕುರ್ಚಿಗಳು. ಮಡಿಸಿಕೊಂಡು ಕೂತೆ. ಆರನೇ ಕ್ಲಾಸು ಬಿಟ್ಟು ಇಪ್ಪತ್ತು ವರ್ಷ ಊರೂರು ತಿರುಗಿ, ಕೊನೆಗೆ ಮೂರನೇ ಕ್ಲಾಸಿಗೆ ಸೇರಿಕೊಂಡೆ.

೪. ಒಂದೇ ಬಾತು

ಎರಡು ಚಳಿಗಾಲ ಕಲಿಸಿದರು. ಅಷ್ಟರಲ್ಲಿ ಆ ಶಾಲೆಗೆ ವಿಜ್ಞಾನದ ಕೋಣೆ ನೋಡಿಕೊಳ್ಳಲು ಒಬ್ಬ ಸಹಾಯಕ ಬೇಕಾಯಿತು. ಪ್ರಾಣಿಗಳಿಗೆ ನೀರು ಕಾಳು, ಮಕ್ಕಳನ್ನು ಜೌಗಿನ ಕಡೆ ಕರೆದೊಯ್ದು ಹಕ್ಕಿ ತೋರಿಸುವುದು. ಹೈಸ್ಕೂಲು ಮುಗಿಸಿದ್ದಕ್ಕೆ ಸಮ ಅನ್ನುವ ಒಂದು ಸರ್ಟಿಫಿಕೇಟ್ ಇರಲೇಬೇಕು. "ಪರೀಕ್ಷೆ ಏಪ್ರಿಲ್‌ನಲ್ಲಿ ಇದೆ. ಪಾಸಾದರೆ ಕೆಲಸ ನಿಮ್ಮದೇ, ಹೆಡ್‌ಮಾಸ್ಟರ ಹತ್ತಿರ ಮಾತಾಡಿದ್ದೇನೆ" ಅಂದರು ಟೀಚರ್. ನಿಜ ಹೇಳುತ್ತೇನೆ, ಇಲ್ಲೇ ಇದ್ದುಬಿಡೋಣ ಅಂತ ನನಗೆ ಅನಿಸಿದ ಮೊದಲ ಕೆಲಸ ಅದು.

ಆ ವಾರ ಕ್ಲಾಸಿನಲ್ಲಿ ಕಾಡು ಬಾತುಗಳ ಪಾಠ. ಬೇಟೆಯವರು ಎಷ್ಟು ಹಿಡಿಯಬಹುದು, ಗೂಡಿನಿಂದ ಮೊಟ್ಟೆ ತೆಗೆಯುವವರು ಎಷ್ಟನ್ನು ಬಿಟ್ಟು ಬರಬೇಕು ಅಂತ. ಟೀಚರ್ ಒಂದು ಬೋಗುಣಿಯಲ್ಲಿ ಹದಿನಾರು ಬೀನ್ಸ್ ಕಾಳು ಹಾಕಿದರು. ಬೋಗುಣಿ ಜೌಗು, ಕಾಳು ಬಾತು. ನಾಲ್ಕು ಜನ ಬೇಟೆಗಾರರು ಒಬ್ಬರಾದ ಮೇಲೆ ಒಬ್ಬರು ಬೇಕಾದಷ್ಟು ತೆಗೆಯಬಹುದು. ಕೊನೆಗೆ ಉಳಿದದ್ದು ವಸಂತದಲ್ಲಿ ಎರಡರಷ್ಟಾಗುತ್ತದೆ.

ಮೊದಲ ಮೂರು ಮಕ್ಕಳು ಒಂದು, ಎರಡು, ಒಂದು ತೆಗೆದರು. ನಾಲ್ಕನೆಯ ಬೇಟೆಗಾರನಾಗಿ ನನ್ನನ್ನು ಕರೆದರು. ನಾನು ಊಟದ ಪಂಕ್ತಿಗಳಲ್ಲಿ ಬೆಳೆದವನು. ಪಾಯಸ ಬಂದಾಗ ಬೇಡ ಅಂದವನಿಗೆ ಎರಡನೇ ಸಲ ಬಕೆಟ್ಟು ಬರುವುದಿಲ್ಲ. ಕೈ ಹಾಕಿ ಹನ್ನೆರಡೂ ಬಾಚಿಕೊಂಡೆ.

"ವಸಂತ ಬಂತು" ಅಂದರು ಟೀಚರ್. "ಸೊನ್ನೆಯ ಎರಡರಷ್ಟು ಎಷ್ಟು?"

"ಸೊನ್ನೆ!" ಅಂತ ಕ್ಲಾಸೆಲ್ಲ ಕೂಗಿತು.

"ಮುಂದಿನ ವರ್ಷ ಏನು ಮಾಡುತ್ತೀರಿ, ಪ್ರೊಫೆಸರ್?"

"ಬೇರೆ ಕೆರೆಗೆ ಹೋಗುತ್ತೇನೆ."

ಈ ವರ್ಷದ ಮಕ್ಕಳಲ್ಲಿ ಒಬ್ಬಳು ಹುಡುಗಿ ಹೇಳಿದಳು, "ನಾವು ಇಲ್ಲೇ ಇರುತ್ತೀವಲ್ಲ."

ನನ್ನ ಕಿವಿ ಬಿಸಿಯಾಯಿತು. ಮೆಲ್ಲಗೆ ಒಂದು ಕಾಳು ಬೋಗುಣಿಗೆ ವಾಪಸ್ ಹಾಕಿದೆ. ಅವಳು ಬಗ್ಗಿ ನೋಡಿದಳು.

"ಇನ್ನೊಂದು ಹಾಕಿ. ಒಂದೇ ಬಾತು ಇದ್ದು ಏನು ಮಾಡುತ್ತೆ?"

೫. ಮಂಕಿ ಕ್ಯಾಪ್

ಪರೀಕ್ಷೆ ಶನಿವಾರ. ಆ ಕ್ಲಾಸಿನ ಮೊಟ್ಟೆಗಳಿಗೂ ಇಪ್ಪತ್ತೊಂದನೇ ದಿನ ಅದೇ ಶನಿವಾರ. "ಸೋಮವಾರ ಬರುವಷ್ಟರಲ್ಲಿ ಮರಿ ಇರುತ್ತಾ?" ಅಂತ ಮಕ್ಕಳು ಕೇಳಿದ್ದರು. "ಒಂದಾದರೂ ಇರುತ್ತದೆ, ನನ್ನ ಮಾತು" ಅಂದಿದ್ದೆ.

ಬೆಳಿಗ್ಗೆ ಪರೀಕ್ಷೆಗೆ ಹೋಗುವ ದಾರಿಯಲ್ಲಿ ಸುಮ್ಮನೆ ನೋಡಿ ಹೋಗೋಣ ಅಂತ ಶಾಲೆಗೆ ಹೊಕ್ಕೆ. ಜಾನಿಟರ್ ನೆಲ ಪಾಲಿಶ್ ಮಾಡುವ ಯಂತ್ರ ಹಿಡಿದಿದ್ದ. ಅದರ ಪ್ಲಗ್ಗಿಗೆ ಜಾಗ ಬೇಕಿತ್ತು, ಕಾವು ಪೆಟ್ಟಿಗೆಯ ಪ್ಲಗ್ಗು ಕಿತ್ತಿದ್ದ. ಯಾವಾಗ ಕಿತ್ತನೋ, ಹನ್ನೊಂದು ಮೊಟ್ಟೆ ತಣ್ಣಗಾಗಿದ್ದವು. ಹನ್ನೆರಡನೆಯದರಲ್ಲಿ ಸಣ್ಣ ಬಿರುಕು. ಕಿವಿಗೆ ಹಿಡಿದೆ, ಒಳಗಿನಿಂದ ಟಕ್ ಟಕ್ ಅಂತು.

ಪೆಟ್ಟಿಗೆ ಮತ್ತೆ ಬಿಸಿಯಾಗಲು ಗಂಟೆಗಟ್ಟಲೆ ಬೇಕು. ಟೀಚರ್ ಮನೆಯಲ್ಲಿ ಫೋನ್ ಎತ್ತಲಿಲ್ಲ. ಪರೀಕ್ಷೆಗೆ ಇಪ್ಪತ್ತು ನಿಮಿಷ. ತಲೆಯ ಮೇಲಿದ್ದ ಮಂಕಿ ಕ್ಯಾಪ್ ತೆಗೆದೆ. ಅದೂ ಡಾಕ್ಟರದೇ, ಧಾರವಾಡದ ಉಣ್ಣೆಯದು. ಮೊಟ್ಟೆಯನ್ನು ಅದರೊಳಗಿಟ್ಟು, ಅಂಗಿಯ ಒಳಗೆ ಎದೆಗೆ ಅವಚಿಕೊಂಡು, ಮೇಲೆ ಕೋಟಿನ ಗುಂಡಿ ಹಾಕಿ ಪರೀಕ್ಷೆಗೆ ಕೂತೆ.

ಮೊದಲ ಗಂಟೆ ಚೆನ್ನಾಗಿ ಹೋಯಿತು. ಓದಿದ್ದೇ ಬಂದಿತ್ತು. ನನಗೇ ಆಶ್ಚರ್ಯ, ಉತ್ತರ ಗೊತ್ತಿತ್ತು. ಎರಡನೇ ಗಂಟೆಗೆ ಲೆಕ್ಕದ ಪತ್ರಿಕೆ ಕೊಟ್ಟರು. ಆಗ ನನ್ನ ಎದೆ "ಚಿಯ್" ಅಂತು.

ಮೇಲ್ವಿಚಾರಕರು ತಲೆ ಎತ್ತಿದರು. ಪಕ್ಕದಲ್ಲಿ ಒಬ್ಬ ಲಾರಿ ಡ್ರೈವರ್ ಪರೀಕ್ಷೆಗೆ ಕೂತಿದ್ದ, ಕಂಬದಂಥ ಆಳು. ಅವನು ನನ್ನ ಕೋಟನ್ನು ನೋಡಿದ, ನನ್ನ ಮುಖ ನೋಡಿದ. ಮುಂದಿನ ಸಲ "ಚಿಯ್" ಅಂದಾಗ ಅವನು ಜೋರಾಗಿ ಕೆಮ್ಮಿದ. ಪುಣ್ಯಾತ್ಮ, ಕಾಲು ಗಂಟೆ ನನ್ನ ಪರವಾಗಿ ಕೆಮ್ಮಿದ. ಕೊನೆಗೆ ಅವನಿಗೇ ನೀರು ಕೊಡಬೇಕಾಯಿತು.

ಅವನು ನೀರು ಕುಡಿಯುತ್ತಿದ್ದಾಗ ಮರಿ ಮೂರು ಸಲ ಕೂಗಿತು. ಮೇಲ್ವಿಚಾರಕರು ಬಂದು ನಿಂತರು.

"ಏನದು?"

"ಹೊಟ್ಟೆ, ಸರ್. ಬೆಳಿಗ್ಗೆ ತಿಂದಿಲ್ಲ."

"ನಿಮ್ಮ ಹೊಟ್ಟೆ ಕೋಟಿನ ಗುಂಡಿ ಬಿಚ್ಚುತ್ತಿದೆ."

ಮಂಕಿ ಕ್ಯಾಪ್ ಹೊರಗೆ ತೆಗೆದು ಮೇಜಿನ ಮೇಲಿಟ್ಟೆ. ಅದರ ಮುಖದ ಕಿಂಡಿಯಿಂದ ಒಂದು ಒದ್ದೆ ತಲೆ ಹೊರಬಂತು. ನಂತರ ಇಡೀ ಮರಿ ಜಾರಿ, ಲೆಕ್ಕದ ಪತ್ರಿಕೆಯ ಮೇಲೆ ಬಿತ್ತು.

"ನಿಯಮ ಓದಿದ್ದೀರಿ ತಾನೆ? ಹೊರಗಿನವರ ಸಹಾಯ ಪಡೆಯುವಂತಿಲ್ಲ."

"ಅದರಿಂದ ಏನು ಸಹಾಯ, ಸರ್? ಅದು ನನಗಿಂತ ಕಡಿಮೆ ಓದಿದೆ."

ಹಾಲ್ ಎಲ್ಲ ನಕ್ಕಿತು. ಮೇಲ್ವಿಚಾರಕರೂ ನಕ್ಕರು, ಆದರೆ ನನ್ನ ಪತ್ರಿಕೆಯನ್ನು ಎತ್ತಿಕೊಂಡರು. ಅದರ ಮೇಲೆ ಮರಿ ಆಗಲೇ ತನ್ನ ಉತ್ತರ ಬರೆದುಬಿಟ್ಟಿತ್ತು. "ಮುಂದಿನ ತಿಂಗಳು ಮತ್ತೆ ಇದೆ. ಒಬ್ಬರೇ ಬನ್ನಿ" ಅಂದರು.

ಸೋಮವಾರ ಮಕ್ಕಳ ಸಂಭ್ರಮ ನೋಡಬೇಕಿತ್ತು. ಬಾತಿನ ಪಾಠದಲ್ಲಿ ಇನ್ನೊಂದು ಹಾಕಿ ಅಂದಿದ್ದ ಹುಡುಗಿ ಮರಿಯನ್ನು ಕೈಯಲ್ಲಿಟ್ಟುಕೊಂಡು, "ಮಾತು ಉಳಿಸಿಕೊಂಡಿರಿ" ಅಂದಳು. ಟೀಚರ್ ಹೇಳಿದರು, "ಮರಿಯನ್ನು ನಾನು ಸಾಕುತ್ತೇನೆ. ನೀವು ಮುಂದಿನ ತಿಂಗಳು ಬರೆಯಿರಿ. ಈ ಸಲ ಜೇಬು ನಾನೇ ನೋಡಿ ಕಳಿಸುತ್ತೇನೆ. ಕೆಲಸ ಅಲ್ಲಿಯವರೆಗೆ ಕಾಯುತ್ತದೆ."

ಹೂಂ ಅಂದೆ. ಬರೆದಿದ್ದರೆ ಪಾಸಾಗುತ್ತಿದ್ದೆ, ಅದು ನನಗೆ ಗೊತ್ತು. ಮೊದಲ ಪತ್ರಿಕೆ ಪೂರ್ತಿ ಮಾಡಿದ್ದೆ. ಆದರೆ ಮರುದಿನ ಆ ಲಾರಿ ಡ್ರೈವರ್ ಪೆಟ್ರೋಲ್ ಬಂಕಿನಲ್ಲಿ ಸಿಕ್ಕು, "ಫ್ಲಾರಿಡಾಕ್ಕೆ ಹೊರಟಿದ್ದೇನೆ, ಕಿತ್ತಳೆ ತುಂಬಲು, ಬರ್ತೀಯಾ?" ಅಂದ. ಹತ್ತಿಬಿಟ್ಟೆ. ಟೀಚರಿಗೆ ಹೇಳಲಿಲ್ಲ. ಹೇಳುವ ಮುಖ ಇರಲಿಲ್ಲ ಅನ್ನುವುದೂ ಸುಳ್ಳು. ನೆನಪಾಗುವಷ್ಟರಲ್ಲಿ ಲಾರಿ ಡೆಲವೇರ್ ದಾಟಿತ್ತು. ಅವರು ಒಂದು ತಿಂಗಳು ಕುರ್ಚಿ ಖಾಲಿ ಇಟ್ಟುಕೊಂಡು ಕಾದರಂತೆ.

ಇದು ಗೊತ್ತಾಗಿದ್ದು ಎಷ್ಟೋ ಕಾಲದ ಮೇಲೆ, ನಾನು ಹಾಕಿದ್ದ ಒಂದು ಸಾಲಿನ ಕಾಗದಕ್ಕೆ ಉತ್ತರವಾಗಿ ಫ್ಲಾರಿಡಾದ ಹಣ್ಣಿನ ಗೋದಾಮಿನ ವಿಳಾಸಕ್ಕೆ ಅಕ್ಕಾರ ಬರೆದ ಒಂದು ಪೋಸ್ಟ್ ಕಾರ್ಡಿನಿಂದ. ಟೀಚರ್ ನನ್ನನ್ನು ಹುಡುಕಿಕೊಂಡು ಅವರ ಮನೆಗೇ ಹೋಗಿದ್ದರಂತೆ. ಮೊಟ್ಟೆಯ ಹೆಸರನ್ನು ಒಂದು ದಿನವೂ ಬಾಯಿಬಿಟ್ಟು ಅನ್ನದ ಹೆಂಗಸು, ಮುಚ್ಚುಮರೆಯಿಲ್ಲದ ತೆರೆದ ಕಾರ್ಡಿನ ಕೊನೆಗೆ ಕನ್ನಡದಲ್ಲಿ ದಪ್ಪಗೆ ಬರೆದಿದ್ದರು:

"ನಿನ್ನ ಜೋಡಿ ಪರೀಕ್ಷಾಕ್ಕ ಕೂತಿದ್ದ ಕೋಳಿ ಈಗ ಒಂದ ಕಡೆ ಕೂತು ತತ್ತಿ ಇಡಲಿಕ್ಕತ್ತದಂತ. ನೀ ಯಾವಾಗ ಕೂಡ್ತಿಯಪಾ? ಡಾಕ್ಟರ್ ಸಾಹೇಬ್ರ ಮಂಕಿ ಕ್ಯಾಪ್ ವಾಪಸ್ ಕಳಿಸು."

ಕಾರ್ಡನ್ನು ಮೂರು ಸಲ ಓದಿದೆ. ಮೂರು ಸಲವೂ ನಿಂತೇ ಓದಿದೆ. ಹೊರಗೆ ಲಾರಿಯವನು ಹಾರ್ನ್ ಹಾಕುತ್ತಿದ್ದ.